ಎರಡನೆಯ ಲೋಟ

(ತಾಲ್ಲೂಕು ಕೇಂದ್ರವೊಂದರ ಗ್ರಂಥಾಲಯದಲ್ಲಿ ಕಳೆದ ತಿಂಗಳು ಆಡಿದ ಮಾತುಗಳ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನು ಮಾತಿನ ನಡುವೆಯೇ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕುಡಿತದ ವಿಷಯ ಎಂದು ಅಧ್ಯಕ್ಷರು ಹೇಳಿದ ಕೂಡಲೇ ಹಿಂದಿನ ಸಾಲಿನ ನಾಲ್ಕೈದು ಜನ ಬಾಗಿಲ ಹತ್ತಿರದ ಕುರ್ಚಿಗಳಿಗೆ ಜರುಗಿದ್ದನ್ನು ಗಮನಿಸಿದೆ. ನಿಶ್ಚಿಂತೆಯಿಂದ ಕುಳಿತುಕೊಳ್ಳಿ. ನಾನು ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುವ ಮೇಷ್ಟರು. ಉಪದೇಶ ನನ್ನ ಕಸುಬಲ್ಲ. ಹಲಗೆಯ ಮೇಲೆ ನಾಲ್ಕು ಸಂಖ್ಯೆಗಳನ್ನು ಬರೆದಿದ್ದೇನೆ: 20, 19, 16, 8. ಇವತ್ತಿನ ಮಾತೆಲ್ಲ ಈ ನಾಲ್ಕನ್ನು ಓದುವುದಕ್ಕೆ ಬೇಕಾದ ಸಿದ್ಧತೆ.

ಮೊದಲು ನನ್ನ ಸೋದರಮಾವನ ವಿಷಯ ಹೇಳುತ್ತೇನೆ. ಮಲೆನಾಡಿನ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಯಾವುದರಲ್ಲೂ ಒಂದು ಪೈಸೆ ಆಚೀಚೆ ಆಗುತ್ತಿರಲಿಲ್ಲ. ವರ್ಷಕ್ಕೆ ಎರಡು ಮೂರು ಬಾರಿ ಕುಡಿತ ಬಿಡುತ್ತಿದ್ದರು. ಬಿಟ್ಟಾಗ ನಿಜವಾಗಿಯೂ ಬಿಡುತ್ತಿದ್ದರು. ಒಮ್ಮೆ ಹದಿನೈದು ದಿನ, ಇನ್ನೊಮ್ಮೆ ನಾಲ್ಕು ತಿಂಗಳು. ಆಮೇಲೆ ಯಾವುದೋ ಮದುವೆ ಮನೆಯ ಹಿತ್ತಲಲ್ಲಿ ಯಾರದೋ ಒತ್ತಾಯಕ್ಕೆ ‘ಒಂದೇ’ ಎಂದು ಕೂರುವರು. ಮೂರು ದಿನ ಬಿಟ್ಟು ಯಾರಾದರೂ ಜೀಪಿನಲ್ಲಿ ತಂದು ಮನೆಗೆ ಇಳಿಸುವರು. ನೆಂಟರೆಲ್ಲರ ಸಿಟ್ಟು ಆ ಮೊದಲ ಲೋಟದ ಮೇಲೆ, ಅದನ್ನು ಕೊಟ್ಟವನ ಮೇಲೆ. ಅತ್ತೆ ಮಾತ್ರ ಒಮ್ಮೆ ಅಡುಗೆಮನೆಯಲ್ಲಿ ನನಗೆ ಬೇರೆಯೇ ಹೇಳಿದರು: “ಮೊದಲನೆಯದನ್ನು ಕುಡಿಯುವುದು ನಿನ್ನ ಮಾವನೇ, ಅದು ನನಗೆ ಗೊತ್ತು. ಎರಡನೆಯದನ್ನು ಯಾರು ಕುಡಿಯುತ್ತಾರೋ ಅದು ಗೊತ್ತಿಲ್ಲ.”

ನಾನು ಆಗ ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದೆ. ಅತ್ತೆಯದು ನೊಂದ ಹೆಂಗಸಿನ ಮಾತು ಎಂದುಕೊಂಡೆ. ಅದು ಶರೀರಶಾಸ್ತ್ರದ ಬಹಳ ಒಳ್ಳೆಯ ಪ್ರಶ್ನೆ ಎಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು.

ಈಗ ಗಸಗಸೆಗೆ ಬರೋಣ. ಹಬ್ಬದ ದಿನ ಗಸಗಸೆ ಪಾಯಸ ಉಂಡು ಮಧ್ಯಾಹ್ನ ಗೊರಕೆ ಹೊಡೆಯದವರು ಈ ಸಭೆಯಲ್ಲಿ ಕಡಿಮೆ. ಅಡುಗೆಗೆ ಬಳಸುವ ಬೀಜದಲ್ಲಿ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಆ ನಿದ್ದೆಯಲ್ಲಿ ಬೆಲ್ಲ, ತೆಂಗಿನಕಾಯಿ ಮತ್ತು ಎರಡನೇ ಸಲ ಬಡಿಸಿಕೊಂಡ ಅನ್ನದ ಪಾಲೇ ಹೆಚ್ಚು. ಆದರೆ ಅದೇ ಗಿಡದ ಹಸಿ ಕಾಯನ್ನು ಗೀರಿದರೆ ಒಸರುವ ಹಾಲು ಒಣಗಿ ಅಫೀಮು ಆಗುತ್ತದೆ. ಅದರಲ್ಲಿರುವುದು ಮಾರ್ಫಿನ್. ಸಾವಿರಾರು ವರ್ಷ ಮನುಷ್ಯರು ಇದನ್ನು ನೋವಿಗೂ ನಶೆಗೂ ಬಳಸಿದರು. ಒಂದು ಗಿಡದ ಹಾಲಿಗೆ ನಮ್ಮ ತಲೆಯೊಳಗೆ ಇಷ್ಟು ಸಲೀಸಾಗಿ ಪ್ರವೇಶ ಹೇಗೆ ಸಿಕ್ಕಿತು ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಮಾತ್ರ ತೀರ ಇತ್ತೀಚೆಗೆ.

1973ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್, ಅದೇ ವರ್ಷ ಇನ್ನೆರಡು ಪ್ರಯೋಗಾಲಯಗಳವರು, ಮಿದುಳಿನ ನರಕೋಶಗಳ ಮೇಲೆ ಮಾರ್ಫಿನ್ ಹೋಗಿ ಕೂರುವ ಬೀಗಗಳಿವೆ ಎಂದು ತೋರಿಸಿದರು. ವಿಜ್ಞಾನದಲ್ಲಿ ಅವನ್ನು ಗ್ರಾಹಕಗಳು ಎನ್ನುತ್ತೇವೆ. ನಾನು ಬೀಗ ಎಂದೇ ಕರೆಯುತ್ತೇನೆ. ಬೀಗವಿದ್ದರೆ ಮನೆಯವರ ಬಳಿ ಅದರ ಕೀಲಿಯೂ ಇರಬೇಕಲ್ಲ? ಎಲ್ಲಿಯೋ ಬೆಳೆಯುವ ಗಿಡಕ್ಕಾಗಿ ಯಾರೂ ಮನೆಗೆ ಬೀಗ ಹಾಕಿಸುವುದಿಲ್ಲ. 1975ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನಿನಲ್ಲಿ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೋಸ್ಟರ್ಲಿಟ್ಸ್, ಕಸಾಯಿಖಾನೆಯಿಂದ ತಂದ ಹಂದಿಗಳ ಮಿದುಳನ್ನು ಅರೆದು ಸೋಸಿ, ಮನೆಯ ಕೀಲಿಯನ್ನು ಹುಡುಕಿ ತೆಗೆದರು. ಅದಕ್ಕೆ ಎನ್‌ಕೆಫಲಿನ್ ಎಂದು ಹೆಸರಾಯಿತು. ಮುಂದಿನ ವರ್ಷವೇ ಬೀಟಾ-ಎಂಡಾರ್ಫಿನ್ ಸಿಕ್ಕಿತು. ಎಂಡಾರ್ಫಿನ್ ಎಂದರೆ ‘ಒಳಗಿನ ಮಾರ್ಫಿನ್’ ಎಂದೇ ಅರ್ಥ. ಕ್ಯಾಲಿಫೋರ್ನಿಯಾದ ಅವ್ರಾಮ್ ಗೋಲ್ಡ್‌ಸ್ಟೀನ್ 1979ರಲ್ಲಿ ಡೈನಾರ್ಫಿನ್ ಎಂಬ ಮೂರನೆಯದನ್ನು ತಂದರು. ಬೀಗಗಳಲ್ಲೂ ಮುಖ್ಯವಾಗಿ ಮೂರು ಬಗೆ: ಮ್ಯೂ, ಡೆಲ್ಟಾ, ಕಪ್ಪಾ. ಸುಖಕ್ಕೂ ನೋವು ಶಮನಕ್ಕೂ ಹೆಚ್ಚಾಗಿ ಮ್ಯೂ. ಕಪ್ಪಾದ ಕೆಲಸ ಬೇರೆಯೇ, ಅದಕ್ಕೆ ಆಮೇಲೆ ಬರುತ್ತೇನೆ.

ಅಂದರೆ ಇಲ್ಲಿ ಕುಳಿತಿರುವ ಪ್ರತಿಯೊಬ್ಬರ ತಲೆಯಲ್ಲೂ ಒಂದು ಸಣ್ಣ ಅಫೀಮಿನ ಅಂಗಡಿ ಇದೆ, ಪರವಾನಗಿ ಇಲ್ಲದೆ ನಡೆಯುತ್ತಿದೆ. ಗಾಯವಾದಾಗ ಅದು ತೆರೆಯುತ್ತದೆ. ಸಿಹಿ ತಿಂದಾಗ ತೆರೆಯುತ್ತದೆ. ತುಂಬ ದಿನದ ಮೇಲೆ ಮನೆಗೆ ಬಂದ ಮಗಳನ್ನು ತಬ್ಬಿಕೊಂಡಾಗಲೂ ಬಹುಶಃ ತೆರೆಯುತ್ತದೆ.

ಮದ್ಯಕ್ಕೂ ಇದಕ್ಕೂ ಏನು ಸಂಬಂಧ? ರಾಸಾಯನಿಕವಾಗಿ ನೋಡಿದರೆ ಏನೂ ಇಲ್ಲ. ಮಾರ್ಫಿನ್ ದೊಡ್ಡ ಅಣು, ಅದಕ್ಕೊಂದು ಆಕಾರವಿದೆ, ಬೀಗಕ್ಕೆ ಹೊಂದುವ ಹಲ್ಲುಗಳಿವೆ. ಮದ್ಯಸಾರ ತೀರ ಚಿಕ್ಕದು, ಮಳೆನೀರು ಗೋಡೆಯೊಳಗೆ ಇಳಿದಂತೆ ಎಲ್ಲ ಕಡೆಗೂ ಇಳಿಯುತ್ತದೆ. ಅದು ಯಾವ ಅಫೀಮಿನ ಬೀಗವನ್ನೂ ತಾನಾಗಿ ತೆರೆಯಲಾರದು.

ಇಲ್ಲಿ ವಿಜ್ಞಾನ ಒಮ್ಮೆ ದಾರಿ ತಪ್ಪಿತು. 1970ರ ಸುಮಾರಿಗೆ ಅಮೆರಿಕದಲ್ಲಿ ಒಂದು ಊಹೆ ಬಂತು: ಕುಡಿದ ಮದ್ಯ ಒಡೆದಾಗ ಹುಟ್ಟುವ ಅಸಿಟಾಲ್ಡಿಹೈಡ್, ಮಿದುಳಿನ ನರಕೋಶಗಳು ಸಂದೇಶ ಕಳಿಸಲು ಬಳಸುವ ಡೋಪಮೀನ್ ಎಂಬ ವಸ್ತುವಿನ ಜೊತೆ ಕೂಡಿಕೊಂಡು ಮಾರ್ಫಿನ್‌ನಂಥ ವಸ್ತುವೇ ತಲೆಯೊಳಗೆ ತಯಾರಾಗುತ್ತದೆ, ಹಾಗಾಗಿ ಕುಡುಕ ಎಂದರೆ ಮರೆಯಲ್ಲಿರುವ ಅಫೀಮು ವ್ಯಸನಿ. ಕೇಳುವುದಕ್ಕೆ ಎಷ್ಟು ಸೊಗಸಾಗಿದೆ ನೋಡಿ. ಕುಡಿತ ಬಿಡಿಸುವ ಶಿಬಿರಗಳ ಭಾಷಣಗಳಲ್ಲಿ ಇದು ಬಹಳ ಕಾಲ ಓಡಾಡಿತು. ಆದರೆ ಲೆಕ್ಕ ಹಾಕಿದಾಗ ಅಂಥ ವಸ್ತು ಹುಟ್ಟುವ ಪ್ರಮಾಣ ತೀರ ಕಡಿಮೆ, ಊಹೆ ನಿಲ್ಲಲಿಲ್ಲ. ಆದರೂ ನನಗೆ ಆ ತಪ್ಪಿನ ಮೇಲೆ ಗೌರವವಿದೆ. ಮದ್ಯದ ವಿಷಯದಲ್ಲಿ ಅಫೀಮಿನ ಬೀಗಗಳ ಕಡೆ ಜನ ತಿರುಗಿ ನೋಡಿದ್ದರಲ್ಲಿ ಅದರ ಪಾಲೂ ಇದೆ.

ನಿಜವಾಗಿ ನಡೆಯುವುದು ಇನ್ನೂ ಸರಳ. ಮದ್ಯ ಕೀಲಿಯಾಗುವುದಿಲ್ಲ, ಒಳಗಿನ ಅಂಗಡಿಯ ಬಾಗಿಲು ತೆರೆಸುತ್ತದೆ. ಕುಡಿದಾಗ ಮಿದುಳು ತನ್ನದೇ ಎಂಡಾರ್ಫಿನ್ ಮತ್ತು ಎನ್‌ಕೆಫಲಿನ್‌ಗಳನ್ನು ಹೊರಹಾಕುತ್ತದೆ. ಅವು ಮ್ಯೂ ಬೀಗಗಳ ಮೇಲೆ ಕೂರುತ್ತವೆ. ಮಿದುಳಿನ ನಡುಭಾಗದಲ್ಲಿ ಡೋಪಮೀನ್ ಕಳಿಸುವ ನರಕೋಶಗಳ ಒಂದು ಗುಂಪಿದೆ. ಅವುಗಳ ಪಕ್ಕದಲ್ಲೇ ಅವನ್ನು ಸದಾ ತಡೆದು ಹಿಡಿದಿರುವ ಕಾವಲು ಕೋಶಗಳಿವೆ. ಮ್ಯೂ ಬೀಗ ಇರುವುದು ಈ ಕಾವಲುಗಾರರ ಮೇಲೆ. ಬೀಗ ತೆರೆದರೆ ಕಾವಲುಗಾರ ತೂಕಡಿಸುತ್ತಾನೆ, ಡೋಪಮೀನ್ ಹರಿಯುತ್ತದೆ. ‘ಇದು ಚೆನ್ನಾಗಿದೆ’ ಎಂಬುದು ಎಂಡಾರ್ಫಿನ್ ಮಾತಾದರೆ, ‘ಇದನ್ನು ನೆನಪಿಡು, ಇನ್ನೊಂದು ತಾ’ ಎಂಬುದು ಡೋಪಮೀನ್ ಮಾತು. ಮದ್ಯ ಮಿದುಳಿಗೆ ಮಾಡುವ ಕೆಲಸ ಇದೊಂದೇ ಅಲ್ಲ. ತೊದಲು, ನಿದ್ದೆ, ತೂರಾಟ ಬೇರೆ ದಾರಿಗಳಿಂದ ಬರುತ್ತವೆ. ಆದರೆ ಅತ್ತೆಯ ಪ್ರಶ್ನೆಗೆ ಉತ್ತರ ಇರುವುದು ಈ ದಾರಿಯಲ್ಲಿ.

‘ಇದನ್ನೆಲ್ಲ ಯಾರು ಕಣ್ಣಾರೆ ಕಂಡಿದ್ದಾರೆ?’ ಎಂದು ಎಡಗಡೆಯಿಂದ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಬಹುಕಾಲ ಪ್ರಾಣಿಗಳಲ್ಲಿ ಮಾತ್ರ ಕಂಡಿದ್ದರು. ಮ್ಯೂ ಬೀಗವೇ ಇಲ್ಲದಂತೆ ಹುಟ್ಟಿಸಿದ ಇಲಿಗಳು ಮದ್ಯಕ್ಕಾಗಿ ಶ್ರಮಪಡುವುದಿಲ್ಲ ಎಂಬುದು 2000ರಲ್ಲಿ ಪ್ರಕಟವಾಯಿತು. ಮನುಷ್ಯರಲ್ಲಿ ನೇರವಾಗಿ ಕಂಡದ್ದು 2012ರಲ್ಲಿ, ಕ್ಯಾಲಿಫೋರ್ನಿಯಾದ ಜೆನಿಫರ್ ಮಿಚೆಲ್ ಮತ್ತು ಹೊವಾರ್ಡ್ ಫೀಲ್ಡ್ಸ್ ಅವರ ತಂಡ. ಅವರು ಬಳಸಿದ್ದು ಕಾರ್ಫೆಂಟನಿಲ್ ಎಂಬ ವಸ್ತುವನ್ನು. ಇದು ಆನೆಯಂಥ ದೊಡ್ಡ ಪ್ರಾಣಿಗಳನ್ನು ಮಲಗಿಸಲು ಬಳಸುವ, ಮಾರ್ಫಿನ್‌ಗಿಂತ ಸಾವಿರಾರು ಪಟ್ಟು ತೀಕ್ಷ್ಣವಾದ ಔಷಧ. ಅದರ ಕಣದಷ್ಟು ಪ್ರಮಾಣಕ್ಕೆ, ಇಪ್ಪತ್ತು ನಿಮಿಷಕ್ಕೆ ಅರ್ಧ ಆರಿಹೋಗುವ ವಿಕಿರಣಶೀಲ ಇಂಗಾಲವನ್ನು ಅಂಟಿಸಿ ರಕ್ತಕ್ಕೆ ಬಿಟ್ಟರು. ಅದು ಹೋಗಿ ಮ್ಯೂ ಬೀಗಗಳಲ್ಲಿ ಕೂತು ಸ್ಕ್ಯಾನ್‌ನಲ್ಲಿ ಬೆಳಗುತ್ತದೆ. ಆಮೇಲೆ ಕುಡಿಯಲು ಕೊಟ್ಟು ಮತ್ತೆ ಸ್ಕ್ಯಾನ್ ಮಾಡಿದರು. ಒಳಗಿನ ಎಂಡಾರ್ಫಿನ್ ಬಂದು ಬೀಗಗಳನ್ನು ಆಕ್ರಮಿಸಿದ ಕಡೆಯೆಲ್ಲ ಬೆಳಕು ಕುಗ್ಗಬೇಕು. ಹಾಗೆಯೇ ಕುಗ್ಗಿತು: ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಸುಖದ ಕಟ್ಟೆಯಲ್ಲಿ, ಮತ್ತು ಕಣ್ಣುಗುಡ್ಡೆಗಳ ಮೇಲ್ಭಾಗದಲ್ಲಿರುವ, ಯಾವುದಕ್ಕೆ ಎಷ್ಟು ಬೆಲೆ ಎಂದು ತೂಗುವ, ಮಿದುಳಿನ ಹೊರಪದರದ ಭಾಗದಲ್ಲಿ.

ಭಾಗವಹಿಸಿದವರು ಇಪ್ಪತ್ತೈದು ಜನ ಮಾತ್ರ: 13 ಮಂದಿ ಹೆಚ್ಚು ಕುಡಿಯುವವರು, 12 ಮಂದಿ ಅಪರೂಪಕ್ಕೆ ಕುಡಿಯುವವರು. ಎರಡೂ ಗುಂಪಿನಲ್ಲಿ ಎಂಡಾರ್ಫಿನ್ ಹೊರಬಂತು. ಆದರೆ ಆ ಬೆಲೆ ತೂಗುವ ಭಾಗದಲ್ಲಿ ಅದು ಹೆಚ್ಚು ಬಂದಷ್ಟೂ ‘ಅಮಲೇರಿತು’ ಎಂಬ ಅನುಭವವೂ ಹೆಚ್ಚಾಗಿದ್ದುದು ಹೆಚ್ಚು ಕುಡಿಯುವವರಲ್ಲಿ ಮಾತ್ರ. ಒಂದೇ ಪೆಗ್ ಇಬ್ಬರಿಗೆ ಒಂದೇ ಪೆಗ್ ಅಲ್ಲ. ಮಾಂಟ್ರಿಯಲ್‌ನ ಕ್ರಿಸ್ಟೀನಾ ಜಿಯಾನೂಲಾಕಿಸ್ ಇನ್ನೂ ಮುಂಚೆಯೇ ಇದರ ಸುಳಿವು ಕಂಡಿದ್ದರು. ಕುಡಿತದ ಚಟ ತಲೆಮಾರುಗಳಿಂದ ಇರುವ ಮನೆತನದವರ ರಕ್ತದಲ್ಲಿ ಕುಡಿದ ಮೇಲೆ ಬೀಟಾ-ಎಂಡಾರ್ಫಿನ್ ಉಳಿದವರಿಗಿಂತ ಹೆಚ್ಚು ಏರುತ್ತಿತ್ತು. ‘ಅವನ ಅಪ್ಪನೂ ಹಾಗೇ’ ಎಂದು ಊರಿನವರು ಹೇಳುವ ಮಾತಿನಲ್ಲಿ ನಡತೆಯ ದೂರು ಎಷ್ಟಿದೆಯೋ ರಸಾಯನಶಾಸ್ತ್ರವೂ ಅಷ್ಟಿದೆ.

ಹಾಗಿದ್ದರೆ ಬೀಗಕ್ಕೆ ಮೇಣ ತುಂಬಿಬಿಟ್ಟರೆ?

ಅಂಥ ಮೇಣ 1960ರ ದಶಕದಿಂದಲೇ ಇತ್ತು. ಅದರ ಹೆಸರು ನಾಲ್ಟ್ರೆಕ್ಸೋನ್. ಮ್ಯೂ ಬೀಗದಲ್ಲಿ ಹೋಗಿ ಕೂರುತ್ತದೆ, ತೆರೆಯುವುದಿಲ್ಲ, ಬೇರೆ ಕೀಲಿಗೂ ಜಾಗ ಬಿಡುವುದಿಲ್ಲ. ಹೆರಾಯಿನ್ ವ್ಯಸನಿಗಳಿಗಾಗಿ ಅಮೆರಿಕದಲ್ಲಿ 1984ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತ್ತು. 1980ರಲ್ಲೇ ಹ್ಯಾರಲ್ಡ್ ಆಲ್ಟ್‌ಶುಲರ್ ಮತ್ತು ಜೊತೆಗಾರರು ರೀಸಸ್ ಕೋತಿಗಳಿಗೆ ಇದನ್ನು ಕೊಟ್ಟು ನೋಡಿ, ಕೋತಿಗಳು ಮದ್ಯಕ್ಕಾಗಿ ಸನ್ನೆಗೋಲು ಒತ್ತುವುದು ಕಡಿಮೆಯಾಯಿತು ಎಂದು ವರದಿ ಮಾಡಿದ್ದರು. ಮನುಷ್ಯರಲ್ಲಿ ಪರೀಕ್ಷಿಸಿದವರು ಫಿಲಡೆಲ್ಫಿಯಾದ ಜೋಸೆಫ್ ವೋಲ್ಪಿಚೆಲ್ಲಿ. 70 ಜನ ಮಾಜಿ ಸೈನಿಕರು, ಎಲ್ಲರೂ ಗಂಡಸರು, ಎಲ್ಲರೂ ಮದ್ಯಕ್ಕೆ ದಾಸರಾಗಿ ಚಿಕಿತ್ಸೆಗೆ ಬಂದವರು. ಅರ್ಧ ಜನರಿಗೆ ದಿನಕ್ಕೆ 50 ಮಿಲಿಗ್ರಾಂ ನಾಲ್ಟ್ರೆಕ್ಸೋನ್, ಇನ್ನರ್ಧ ಜನರಿಗೆ ನೋಡಲು ಅಂಥದ್ದೇ ಆದ ಸುಳ್ಳು ಮಾತ್ರೆ. ಹನ್ನೆರಡು ವಾರ. 1992ರಲ್ಲಿ ಫಲಿತಾಂಶ ಪ್ರಕಟವಾಯಿತು.

ಈಗ ಹಲಗೆಯನ್ನು ನೋಡಿ. ಸುಳ್ಳು ಮಾತ್ರೆಯ ಗುಂಪಿನ 35 ಜನರಲ್ಲಿ 20 ಮಂದಿ ಮಾತು ತಪ್ಪಿ ಒಮ್ಮೆಯಾದರೂ ಕುಡಿದರು. ಆ ಇಪ್ಪತ್ತರಲ್ಲಿ 19 ಮಂದಿ ಹಳೆಯ ಕುಡಿತಕ್ಕೆ ಪೂರ್ತಿ ಮರಳಿದರು. ಹತ್ತೊಂಬತ್ತು! ನನ್ನ ಸೋದರಮಾವ ಈ ಹತ್ತೊಂಬತ್ತರಲ್ಲಿ ಇದ್ದಾರೆ, ನಿಮ್ಮ ಮನೆಯ ಯಾರೋ ಇದ್ದಾರೆ. ನಾಲ್ಟ್ರೆಕ್ಸೋನ್ ಗುಂಪಿನ 35 ಜನರಲ್ಲಿ ಮಾತು ತಪ್ಪಿದವರು 16. ಅವರಲ್ಲಿ ಮರಳಿ ಬಿದ್ದವರು 8.

ಇದನ್ನು ವಿದ್ಯಾರ್ಥಿಗಳಿಗೆ ತೋರಿಸಿದಾಗ ಹೆಚ್ಚಿನವರು 19 ಮತ್ತು 8ನ್ನೇ ಹೋಲಿಸುತ್ತಾರೆ. ನಾನು ಮೊದಲು 20 ಮತ್ತು 16ನ್ನು ನೋಡಿ ಎನ್ನುತ್ತೇನೆ. ಅವೆರಡರ ನಡುವೆ ಹೇಳಿಕೊಳ್ಳುವ ಅಂತರವಿಲ್ಲ. ಮಾತ್ರೆ ಮೊದಲ ಲೋಟವನ್ನು ಹೆಚ್ಚೇನೂ ತಡೆಯಲಿಲ್ಲ. ಮದುವೆ ಮನೆಯ ಹಿತ್ತಲು, ಗೆಳೆಯನ ಒತ್ತಾಯ, ಸಂಬಳದ ದಿನದ ಸಂಜೆ ಇವಕ್ಕೆ ಯಾವ ಬೀಗವೂ ಇಲ್ಲ. ಮಾತ್ರೆ ಕೆಲಸ ಮಾಡಿದ್ದು ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ. ಕುಡಿದರು, ಬರಬೇಕಾದದ್ದು ಬರಲಿಲ್ಲ, ಲೋಟ ಕೆಳಗಿಟ್ಟರು. ಅತ್ತೆ ಕೇಳಿದ ‘ಯಾರು’ ಎಂಬುವವನು ಬಾಗಿಲು ತಟ್ಟಿ ವಾಪಸು ಹೋದ.

ಅದೇ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಯೇಲ್ ವಿಶ್ವವಿದ್ಯಾಲಯದ ಸ್ಟೆಫನಿ ಓಮ್ಯಾಲಿ ಅವರ 97 ಜನರ ಅಧ್ಯಯನವೂ ಪ್ರಕಟವಾಗಿ ಇದೇ ದಿಕ್ಕನ್ನು ತೋರಿಸಿತು. 1994ರಲ್ಲಿ ಅಮೆರಿಕ ಸರ್ಕಾರ ಮದ್ಯವ್ಯಸನಕ್ಕೂ ಈ ಔಷಧವನ್ನು ಒಪ್ಪಿತು. ನನ್ನ ಸೋದರಮಾವ ಅದಕ್ಕೆ ಐದು ವರ್ಷ ಮೊದಲೇ ಹೋಗಿದ್ದರು.

ಫಿನ್ಲೆಂಡಿನಲ್ಲಿ ಒಬ್ಬ ಮೊಂಡ ವಿಜ್ಞಾನಿ ಇನ್ನೂ ಮುಂದೆ ಹೋದರು. ಜಾನ್ ಡೇವಿಡ್ ಸಿಂಕ್ಲೇರ್ ಎಂದು ಹೆಸರು, ಮೂಲತಃ ಅಮೆರಿಕದವರು. ಅವರು ಕೆಲಸ ಮಾಡುತ್ತಿದ್ದುದು ಆಲ್ಕೋ ಎಂಬ ಸಂಸ್ಥೆಯ ಪ್ರಯೋಗಾಲಯದಲ್ಲಿ, ಅಂದರೆ ಆ ದೇಶದಲ್ಲಿ ಮದ್ಯ ಮಾರುವ ಸರ್ಕಾರಿ ಏಕಸ್ವಾಮ್ಯದಲ್ಲಿ! ಮದ್ಯ ರುಚಿ ಕಂಡ ಇಲಿಗಳಿಗೆ ಕೆಲವು ವಾರ ಅದನ್ನು ತಪ್ಪಿಸಿ ಮತ್ತೆ ಕೊಟ್ಟರೆ ಅವು ಮೊದಲಿಗಿಂತ ಹೆಚ್ಚು ಕುಡಿಯುತ್ತವೆ ಎಂಬುದನ್ನು ಅವರು ಅರವತ್ತರ ದಶಕದಲ್ಲೇ ಕಂಡಿದ್ದರು. ಸೋದರಮಾವನ ನಾಲ್ಕು ತಿಂಗಳ ನಂತರದ ಮೂರು ದಿನ ನೆನಪಿಗೆ ಬಂತೇ? ಸಿಂಕ್ಲೇರ್ ವಾದ ಹೀಗೆ: ಕುಡಿತ ಕಲಿತದ್ದು. ಪ್ರತಿ ಲೋಟಕ್ಕೂ ಎಂಡಾರ್ಫಿನ್ ಬಹುಮಾನ ಸಿಕ್ಕಿ ಸಿಕ್ಕಿ ಗಟ್ಟಿಯಾದ ಪಾಠ. ಬಿಟ್ಟು ಕುಳಿತರೆ ಪಾಠ ಮರೆಯುವುದಿಲ್ಲ. ಬಹುಮಾನ ಬಾರದಂತೆ ಮಾಡಿ ಕುಡಿದರೆ ಮಾತ್ರ ನಿಧಾನವಾಗಿ ಅಳಿಯುತ್ತದೆ. ಆದ್ದರಿಂದ ಕುಡಿಯುವ ಸುಮಾರು ಒಂದು ಗಂಟೆ ಮೊದಲು ಮಾತ್ರೆ ನುಂಗಿ, ಆಮೇಲೆ ಕುಡಿಯಿರಿ ಎಂದರು. ನಗು ಬರುವುದು ಸಹಜ. ಆದರೆ ಇದೇ ಬಗೆಯ ನಾಲ್ಮೆಫೀನ್ ಎಂಬ ಮಾತ್ರೆಯನ್ನು, ಕುಡಿಯುವ ಸಂಭವ ಇರುವ ದಿನ ಮಾತ್ರ ತೆಗೆದುಕೊಳ್ಳುವಂತೆ, ಯುರೋಪ್ 2013ರಲ್ಲಿ ಒಪ್ಪಿತು. ಸಿಂಕ್ಲೇರ್ ಹೇಳಿದ ಯಶಸ್ಸಿನ ಪ್ರಮಾಣವನ್ನು ನಾನು ಪೂರ್ತಿ ನಂಬುವುದಿಲ್ಲ. ಅವರ ಪ್ರಶ್ನೆ ಸರಿಯಾಗಿತ್ತು ಎಂಬುದನ್ನು ನಂಬುತ್ತೇನೆ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಔಷಧ ಕಂಪನಿಯ ಪ್ರತಿನಿಧಿಯಾಗಿಬಿಡುತ್ತೇನೆ. 2001ರಲ್ಲಿ ಜಾನ್ ಕ್ರಿಸ್ಟಲ್ ನೇತೃತ್ವದಲ್ಲಿ 627 ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ನಾಲ್ಟ್ರೆಕ್ಸೋನ್ ಸುಳ್ಳು ಮಾತ್ರೆಗಿಂತ ಮೇಲು ಎಂದು ಕಾಣಲಿಲ್ಲ. 2006ರಲ್ಲಿ 1383 ಜನರ ಇನ್ನೊಂದು ಅಧ್ಯಯನದಲ್ಲಿ ಮತ್ತೆ ಲಾಭ ಕಂಡಿತು. ಎಲ್ಲ ಅಧ್ಯಯನಗಳನ್ನೂ ಒಟ್ಟಿಗೆ ಹಾಕಿ 2014ರಲ್ಲಿ ಲೆಕ್ಕ ಮಾಡಿದಾಗ ಬಂದ ಸಂಖ್ಯೆ 12. ಹನ್ನೆರಡು ಜನರಿಗೆ ಮಾತ್ರೆ ಕೊಟ್ಟರೆ, ಸುಳ್ಳು ಮಾತ್ರೆ ಕೊಟ್ಟಿದ್ದಕ್ಕಿಂತ ಒಬ್ಬ ಹೆಚ್ಚಾಗಿ ವಿಪರೀತ ಕುಡಿತಕ್ಕೆ ಮರಳುವುದರಿಂದ ಪಾರಾಗುತ್ತಾನೆ. ಮೊದಲ ಸಾಲಿನ ಯುವಕನ ಮುಖ ಸಪ್ಪಗಾಯಿತು. ಹನ್ನೆರಡರಲ್ಲಿ ಒಂದು ಸಣ್ಣದು ಎನಿಸುತ್ತದೆ, ಆ ಒಬ್ಬ ನಿಮ್ಮ ಮನೆಯವನಾಗುವ ತನಕ. ಯಾರಿಗೆ ನಾಟುತ್ತದೆ ಎಂದು ಮೊದಲೇ ತಿಳಿಯಲು ಮ್ಯೂ ಬೀಗದ ಜೀನ್‌ನಲ್ಲಿರುವ ಒಂದು ಅಕ್ಷರದ ವ್ಯತ್ಯಾಸವನ್ನು ನೋಡಿದರೆ ಸಾಕು ಎಂಬ ಭರವಸೆ 2003ರಲ್ಲಿ ಹುಟ್ಟಿತು. ಜೀನ್ ನೋಡಿಯೇ ರೋಗಿಗಳನ್ನು ಆರಿಸಿದ 2015ರ ಅಧ್ಯಯನದಲ್ಲಿ ಆ ಭರವಸೆ ಉಳಿಯಲಿಲ್ಲ.

ಎಲ್ಲರಿಗೂ ಏಕೆ ನಾಟುವುದಿಲ್ಲ? ಹಿಂದಕ್ಕೆ ಸರಿಸಿಟ್ಟ ಕಪ್ಪಾ ಬೀಗವನ್ನು ಈಗ ಎತ್ತಿಕೊಳ್ಳುತ್ತೇನೆ. ಅದರ ಕೀಲಿ ಡೈನಾರ್ಫಿನ್. ಅದು ತೆರೆದರೆ ಸುಖವಿಲ್ಲ. ಡೋಪಮೀನ್ ಇಳಿಯುತ್ತದೆ, ಮನಸ್ಸು ಮಂಕಾಗುತ್ತದೆ, ಹೇಳಲಾಗದ ಕಳವಳ ಬರುತ್ತದೆ. ವರ್ಷಗಟ್ಟಲೆ ಎಂಡಾರ್ಫಿನ್ ಅಂಗಡಿಯನ್ನು ಬಲವಂತವಾಗಿ ತೆರೆಸಿದವರ ಮಿದುಳು ಸಮತೂಕಕ್ಕಾಗಿ ಈ ಎದುರು ಅಂಗಡಿಯನ್ನು ದೊಡ್ಡದು ಮಾಡುತ್ತದೆ. ಜಾರ್ಜ್ ಕೂಬ್ ಮುಂತಾದವರು ವ್ಯಸನದ ಕತ್ತಲ ಮುಖ ಎಂದು ಕರೆದದ್ದು ಇದನ್ನೇ. ಹೊಸದಾಗಿ ಕುಡಿಯುವವನು ಖುಷಿಗೆ ಕುಡಿಯುತ್ತಾನೆ. ಇಪ್ಪತ್ತು ವರ್ಷ ಕುಡಿದವನನ್ನು ಕೇಳಿ, ಖುಷಿಯ ಮಾತೇ ಎತ್ತುವುದಿಲ್ಲ. ‘ಕುಡಿಯದಿದ್ದರೆ ಆಗುವುದಿಲ್ಲ’ ಎನ್ನುತ್ತಾನೆ. ಅವನ ಎರಡನೆಯ ಲೋಟವನ್ನು ಮುಂದೆ ನೂಕುವುದು ಎಂಡಾರ್ಫಿನ್‌ನ ಆಸೆಗಿಂತ ಡೈನಾರ್ಫಿನ್‌ನ ಕಾಟ ಇರಬಹುದು. ಮ್ಯೂ ಬೀಗದಲ್ಲಿ ಗಟ್ಟಿಯಾಗಿ ಕೂರುವ ನಾಲ್ಟ್ರೆಕ್ಸೋನ್ ಕಪ್ಪಾದ ಮೇಲೆ ಅಷ್ಟು ಬಲವಾಗಿ ಕೂರುವುದಿಲ್ಲ. 2001ರ ಅಧ್ಯಯನದಲ್ಲಿ ಇದ್ದವರು ದೀರ್ಘಕಾಲದ, ತೀವ್ರ ಕುಡಿತದವರು. ಸೋಲಿಗೆ ಇದೂ ಒಂದು ಕಾರಣವಿದ್ದೀತು ಎಂಬುದು ನನ್ನ ಅನುಮಾನ.

ನಮ್ಮ ಕಡೆ ಇದರ ಸ್ಥಿತಿ ಏನು? ನಾಲ್ಟ್ರೆಕ್ಸೋನ್ ಇಲ್ಲಿಯೂ ಸಿಗುತ್ತದೆ, ಮನೋವೈದ್ಯರು ಬರೆದುಕೊಡುತ್ತಾರೆ. ಆದರೆ 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದವರಲ್ಲಿ ಯಾವುದೇ ಚಿಕಿತ್ಸೆ ಪಡೆದವರು 38 ಜನರಲ್ಲಿ ಒಬ್ಬರು. ಉಳಿದವರಿಗೆ ಬಸ್ ನಿಲ್ದಾಣದ ಗೋಡೆಯ ಮೇಲಿನ ಚೀಟಿಯೇ ಗತಿ: ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ’. ಅಂಥ ಪುಡಿಗಳಲ್ಲಿ ಏನಿರುತ್ತದೆ ಎಂಬುದನ್ನು ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ. ಡೈಸಲ್ಫಿರಾಮ್ ಮಾತ್ರೆಯನ್ನು ಸಾರಿನಲ್ಲಿ ಅರೆದು ಹಾಕುವ ಮನೆಗಳೂ ಇವೆ. ಅದು 1940ರ ದಶಕದ ಡೆನ್ಮಾರ್ಕಿನ ಔಷಧ. ಅದನ್ನು ನುಂಗಿ ಕುಡಿದರೆ ಅಸಿಟಾಲ್ಡಿಹೈಡ್ ಮೈಯಲ್ಲಿ ತುಂಬಿ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಳ್ಳುತ್ತದೆ. ತಿಳಿದು ತೆಗೆದುಕೊಳ್ಳುವವನಿಗೆ ಅದು ಬೇಲಿ, ತಿಳಿಯದವನಿಗೆ ಗುಂಡಿ. ಹೃದಯ ದುರ್ಬಲವಾಗಿದ್ದವರು ಆ ಗುಂಡಿಯಿಂದ ಏಳದೆಯೂ ಹೋಗಬಹುದು.

ಕೊನೆಗೆ, ಸಭೆ ಮುಗಿದು ಮೈಕ್ ಕಟ್ಟುತ್ತಿದ್ದಾಗ, ನಡುವಯಸ್ಸಿನ ಒಬ್ಬ ಹೆಣ್ಣುಮಗಳು ಬಂದು ಮೆಲ್ಲಗೆ ಕೇಳಿದರು: “ಸರ್, ನೀವು ಹೇಳಿದ ಮಾತ್ರೆಯಲ್ಲಿ ವಾಂತಿ ಗೀಂತಿ ಇಲ್ಲವಲ್ಲ. ಅದನ್ನಾದರೂ ಅವರಿಗೆ ಗೊತ್ತಿಲ್ಲದೆ ಕಾಫಿಯಲ್ಲಿ ಹಾಕಬಹುದೇ?”

“ಬೇಡಮ್ಮ” ಎಂದೆ. “ನಿಮ್ಮ ಯಜಮಾನರು ಬೈಕ್ ಓಡಿಸುತ್ತಾರಾ?”

“ಓಡಿಸುತ್ತಾರೆ.”

“ನಾಳೆ ಬಿದ್ದು ಕಾಲು ಮುರಿದುಕೊಂಡರೆ ಆಸ್ಪತ್ರೆಯವರು ನೋವಿಗೆ ಮಾರ್ಫಿನ್ ಜಾತಿಯ ಇಂಜೆಕ್ಷನ್ ಕೊಡುತ್ತಾರೆ. ಬೀಗದಲ್ಲಿ ಮೇಣ ಇರುವುದು ಅವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಇಂಜೆಕ್ಷನ್ ನಾಟುವುದಿಲ್ಲ. ಬೆನ್ನುನೋವಿಗೆ ಎಂದು ಅವರು ಈಗಾಗಲೇ ಟ್ರಮಡಾಲ್ ನುಂಗುತ್ತಿದ್ದರೆ, ನಿಮ್ಮ ಕಾಫಿ ಕುಡಿದ ಸ್ವಲ್ಪ ಹೊತ್ತಿಗೆ ಮೈ ಬೆವರಿ ನಡುಗಿ ಒದ್ದಾಡುತ್ತಾರೆ.”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆನ್ನಿಗೆ ಏನೋ ಮಾತ್ರೆ ತೆಗೆದುಕೊಳ್ಳುತ್ತಾರೆ, ಹೆಸರು ಗೊತ್ತಿಲ್ಲ” ಎಂದರು. ಕೈಚೀಲದಿಂದ ಒಂದು ಚೀಟಿ ತೆಗೆದು ಬರೆದುಕೊಡಿ ಎಂದರು. ಔಷಧದ ಹೆಸರನ್ನು ಬರೆದೆ. ಅದರ ಕೆಳಗೆ ಬರೆದೆ: ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ, ಯಜಮಾನರನ್ನೂ ಕರೆದುಕೊಂಡು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ, ಮೊದಲು ಲಿವರ್ ಪರೀಕ್ಷೆ, ದಿನವೂ ಕುಡಿಯುವವರಾದರೆ ಒಮ್ಮೆಲೇ ನಿಲ್ಲಿಸುವುದು ಬೇಡ, ಫಿಟ್ಸ್ ಬರಬಹುದು.

“ಯಜಮಾನರನ್ನು” ಎಂಬ ಪದದ ಮೇಲೆ ಬೆರಳಿಟ್ಟು, “ಇದೊಂದೇ ಕಷ್ಟ ಸರ್” ಎಂದರು. ಚೀಟಿಯನ್ನು ಮಡಚಿ ಚೀಲದೊಳಗೆ ಹಾಕಿಕೊಂಡರು.